ತಿದಿಯೊತ್ತುವವನ ಪಾಲು

ಸ್ವೀಡನ್ನಿಗೆ ಸೇರಿದ ಗಾಟ್‌ಲೆಂಡ್ ದ್ವೀಪದಲ್ಲಿ, ನೀರು ಬಸಿದು ಹೊಲ ಮಾಡಿಕೊಂಡಿದ್ದ ಒಂದು ಜೌಗುನೆಲವನ್ನು ೧೯೩೬ರಲ್ಲಿ ಉಳುತ್ತಿದ್ದಾಗ ರೈತನೊಬ್ಬನ ನೇಗಿಲಿಗೆ ಏನೋ ತಗುಲಿತು. ಅಗೆದು ನೋಡಿದರೆ ಓಕ್ ಮರದ ಒಂದು ಪೆಟ್ಟಿಗೆ. ಅದರ ಒಳಗೂ ಅಕ್ಕಪಕ್ಕದಲ್ಲೂ ಸುತ್ತಿಗೆ, ಇಕ್ಕುಳ, ಅರ, ಗರಗಸ, ಬೀಗ, ಕೊಪ್ಪರಿಗೆ ಎಲ್ಲ ಸೇರಿ ಇನ್ನೂರಕ್ಕೂ ಮೀರಿದ ಸಾಮಾನು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ, ವೈಕಿಂಗರೆಂದು ಹೆಸರಾದ ಜನರ ಕಾಲದಲ್ಲಿ, ಕಬ್ಬಿಣದ ಕೆಲಸವನ್ನೂ ಮರದ ಕೆಲಸವನ್ನೂ ಬಲ್ಲ ಯಾವನೋ ಒಬ್ಬನ ಬದುಕೇ ಆ ಪೆಟ್ಟಿಗೆಯಲ್ಲಿತ್ತು. ಮ್ಯಾಸ್ಟರ್‌ಮಿರ್ ಪೆಟ್ಟಿಗೆ ಎಂದು ಅದು ವಿದ್ವಾಂಸರ ನಡುವೆ ಪ್ರಸಿದ್ಧವಾಗಿದೆ. ಕಮ್ಮಾರನಿಗೆ ಬೇಕಾದದ್ದೆಲ್ಲ ಅದರಲ್ಲಿ ಇದ್ದಂತೆಯೇ ತೋರುತ್ತದೆ. ತಿದಿ ಮಾತ್ರ ಇಲ್ಲ.

ತಿದಿಯಿಲ್ಲದ ಕಮ್ಮಾರ ಉಂಟೆ? ಇದ್ದಿಲ ರಾಶಿಗೆ ಬೆಂಕಿಯಿಟ್ಟು ಬಿಟ್ಟರೆ ಅದು ತನ್ನ ಪಾಡಿಗೆ ತಾನು ಉರಿದು ಬೂದಿಯಾಗುತ್ತದೆಯೇ ಹೊರತು ಕಬ್ಬಿಣವನ್ನು ಬಗ್ಗಿಸುವ ಕಾವನ್ನು ಕೊಡುವುದಿಲ್ಲ. ಕಬ್ಬಿಣ ಕಿತ್ತಳೆಯ ಬಣ್ಣಕ್ಕೆ ತಿರುಗಿ ಸುತ್ತಿಗೆಗೆ ಮಣಿಯಬೇಕಾದರೆ ಸುಮಾರು ೧೦೦೦ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಎರಡು ತುಂಡುಗಳನ್ನು ಬೆಸೆಯಬೇಕಾದರೆ ೧೩೦೦ರ ಹತ್ತಿರಕ್ಕೆ ಹೋಗಬೇಕು. ಆ ಶಾಖ ಇದ್ದಿಲಿನದಲ್ಲ, ಇದ್ದಿಲಿಗೆ ಉಣಿಸಿದ ಗಾಳಿಯದು. ಆದರೆ ತಿದಿ ಎಂಬುದು ಮರ ಮತ್ತು ತೊಗಲು. ಒಂದನ್ನು ಹುಳು ತಿನ್ನುತ್ತದೆ, ಇನ್ನೊಂದನ್ನು ಇಲಿ ತಿನ್ನುತ್ತದೆ, ಎರಡನ್ನೂ ಮಣ್ಣು ತಿನ್ನುತ್ತದೆ. ಹೀಗಾಗಿ ಕತ್ತಿ ಉಳಿಯಿತು, ಸುತ್ತಿಗೆ ಉಳಿಯಿತು, ಅವೆರಡಕ್ಕೂ ಉಸಿರು ಕೊಟ್ಟದ್ದು ಉಳಿಯಲಿಲ್ಲ. ಇತಿಹಾಸದ ಈ ಪಕ್ಷಪಾತಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಅದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಗುರುತು ಉಳಿಸದ ದುಡಿಮೆಗೆ, ಆದ ಕೆಲಸದಲ್ಲಿ ಎಷ್ಟು ಪಾಲು?

ನನಗೆ ಈ ಪ್ರಶ್ನೆ ಎದುರಾದದ್ದು ಪುಸ್ತಕದಲ್ಲಲ್ಲ, ಒಂದು ಹುಲ್ಲುಬಯಲಿನಲ್ಲಿ. ಎರಡು ವರ್ಷಗಳ ಹಿಂದೆ ಬೇಸಗೆ ರಜೆಯಲ್ಲಿ ಡೆನ್ಮಾರ್ಕಿನ ಆರ್ಹುಸ್ ಪಟ್ಟಣದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಊರ ಹೊರಗೆ ಬಿಡುವಿನ ದಿನಗಳಲ್ಲಿ ಕೆಲವರು ಕಲೆತು ಹಳೆಯ ಕಾಲದ ಕುಲುಮೆಯನ್ನು ಬಯಲಲ್ಲೇ ಹೂಡುತ್ತಾರೆಂದು ಕೇಳಿ ನೋಡಲು ಹೋದೆವು. ಇಂಥ ಕೆಲಸ ಆ ನಾಡಿನಲ್ಲಿ ಹುಚ್ಚಾಟವೆನಿಸುವುದಿಲ್ಲ. ಹಳೆಯ ಮನೆಗಳನ್ನೂ ಉಪಕರಣಗಳನ್ನೂ ಹಳೆಯ ರೀತಿಯಲ್ಲೇ ಕಟ್ಟಿ, ಬಳಸಿ, ಅದರಿಂದ ಪ್ರಾಚೀನರ ಬಾಳನ್ನು ಅರಿಯುವುದಕ್ಕೆಂದೇ ಲೈರೆ ಎಂಬಲ್ಲಿ ೧೯೬೪ರಲ್ಲಿ ಒಂದು ಕೇಂದ್ರ ಪ್ರಾರಂಭವಾಗಿ ಈಗಲೂ ನಡೆಯುತ್ತಿದೆ. ರೋಸ್ಕಿಲ್ಡೆಯ ಕೊಲ್ಲಿಯಲ್ಲಿ ೧೯೬೨ರಲ್ಲಿ ಎತ್ತಿದ ಮುಳುಗುಹಡಗುಗಳಲ್ಲಿ ಒಂದರ ಪ್ರತಿಯನ್ನು ಕಟ್ಟಿ, ೨೦೦೭ರಲ್ಲಿ ಅದರಲ್ಲಿ ಡಬ್ಲಿನ್ನಿನವರೆಗೆ ಹುಟ್ಟು ಹಾಕಿಕೊಂಡು ಹಾಯಿ ಬಿಚ್ಚಿಕೊಂಡು ಹೋದ ಜನ ಅವರು. ನಾನು ಕಂಡ ಗುಂಪು ಅಷ್ಟು ದೊಡ್ಡದಲ್ಲ. ನಾಲ್ಕೈದು ಮಂದಿ, ಅವರಲ್ಲಿ ಒಬ್ಬರು ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟರು. ತಿದಿ ಮಾಡುವ ಹೊಣೆ ಅವರದು.

ಮಾದರಿಯಿಲ್ಲದ ವಸ್ತುವನ್ನು ಮಾಡುವುದು ಹೇಗೆ? ಚಿತ್ರಗಳನ್ನು ನೋಡಿ. ನಾರ್ವೆಯ ಹೀಲೆಸ್ಟಾಡ್ ಎಂಬಲ್ಲಿ ಇದ್ದ ಮರದ ಚರ್ಚನ್ನು ಎಂದೋ ಕೆಡವಿದರು. ಅದರ ಬಾಗಿಲ ಪಟ್ಟಿಕೆಗಳು ಓಸ್ಲೋ ವಸ್ತುಸಂಗ್ರಹಾಲಯದಲ್ಲಿವೆ. ಸುಮಾರು ೧೨೦೦ನೆಯ ಇಸವಿಯ ಕೆತ್ತನೆ, ಎಂದರೆ ವೈಕಿಂಗರ ಕಾಲ ಮುಗಿದ ನೂರು ವರ್ಷಕ್ಕೂ ಮೇಲಿನದು. ಸಿಗುರ್ಡ್ ವೀರನ ಕಥೆಯನ್ನು ಅಲ್ಲಿ ಬಿಡಿಸಿದ್ದಾರೆ. ರೆಗಿನ್ ಎಂಬ ಕಮ್ಮಾರ ಅಡಿಗಲ್ಲಿನ ಮೇಲೆ ಕೆಲಸ ಮಾಡುತ್ತಿದ್ದಾನೆ. ಅವನ ಹಿಂದೆ ಒಬ್ಬ ಆಳು ಜೋಡಿ ತಿದಿಗಳನ್ನು ಎರಡು ಕೈಗಳಿಂದ ಒತ್ತುತ್ತಿದ್ದಾನೆ. ಆ ಆಳು ಸಿಗುರ್ಡನೇ ಎನ್ನುವವರೂ ಉಂಟು. ಕೆತ್ತಿದವನಿಗೆ ತಿದಿಯ ಅಳತೆಯನ್ನು ಮುಂದಿನವರಿಗೆ ತಿಳಿಸಬೇಕೆಂಬ ಉದ್ದೇಶವೇನೂ ಇದ್ದಿರಲಾರದು. ಆದರೂ ಇಂದು ತಿದಿ ಮಾಡುವವರಿಗೆ ಅವನೇ ಗುರು.

ಮೇಷ್ಟರು ಮಾಡಿದ ತಿದಿಯನ್ನು ವರ್ಣಿಸುತ್ತೇನೆ. ಅರಳಿ ಎಲೆಯ ಆಕಾರದ ಎರಡು ಹಲಗೆ. ಎರಡರ ಚೂಪುತುದಿ ಒಂದು ಗಟ್ಟಿ ಮರದ ದಿಮ್ಮಿಯಲ್ಲಿ ಸೇರುತ್ತದೆ. ಕೆಳಗಿನದು ದಿಮ್ಮಿಗೆ ಅಲುಗದಂತೆ ಬಿಗಿದಿದೆ. ಮೇಲಿನದು ತೊಗಲಿನ ಕೀಲಿನಿಂದ ಏಳುತ್ತದೆ, ಇಳಿಯುತ್ತದೆ. ದಿಮ್ಮಿಯನ್ನು ಉದ್ದಕ್ಕೂ ಕೊರೆದು ಗಾಳಿಗೆ ಹಾದಿ ಮಾಡಿ ಅದರ ಮೂತಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿದೆ. ಹಲಗೆಗಳ ನಡುವೆ ಸುತ್ತಲೂ ಆಡಿನ ತೊಗಲು. ಅದನ್ನು ಮಡಿಕೆ ಬೀಳುವಂತೆ ಸಡಿಲವಾಗಿ ಬಿಟ್ಟು, ಅಂಚಿನುದ್ದಕ್ಕೂ ತೊಗಲಿನದೇ ಪಟ್ಟಿ ಇಟ್ಟು, ಬೆರಳಿಗೊಂದು ಮೊಳೆಯಂತೆ ಹೊಡೆದಿದೆ. ತೊಗಲು ದಪ್ಪವಾದರೆ ತೋಳು ಸೋಲುತ್ತದೆ; ತೆಳುವಾದರೆ ಮಡಿಕೆಯಲ್ಲಿ ಸೀಳುತ್ತದೆ. ಕೊಬ್ಬು ಸವರಿ ಸವರಿ ಮೆತ್ತಗಿಡಬೇಕು. ಬಯಲಲ್ಲಿ ಬಿಟ್ಟ ತೊಗಲು ಬಿಸಿಲಿಗೆ ಸೆಟೆದುಕೊಳ್ಳುತ್ತದೆ, ಮಳೆಗೆ ನೆನೆದು ಜೋಲುತ್ತದೆ. ಆ ಬೇಸಗೆಯಲ್ಲಿ ಒಂದೇ ತಿದಿಗೆ ಮೂರು ಸಲ ತೊಗಲು ಬದಲಿಸಿದ್ದರಂತೆ.

ತಿದಿಯ ಮರ್ಮವೆಲ್ಲ ಇರುವುದು ಕೆಳಹಲಗೆಯ ಒಂದು ತೂತಿನಲ್ಲಿ. ಅದರ ಒಳಬದಿಗೆ ಅಂಗೈಯಗಲದ ತೊಗಲಿನ ತುಂಡೊಂದನ್ನು ಒಂದೇ ಅಂಚಿಗೆ ಮೊಳೆ ಹೊಡೆದು ಬಿಟ್ಟಿರುತ್ತಾರೆ. ಮೇಲಿನ ಹಲಗೆಯನ್ನೆತ್ತಿದರೆ ಆ ತುಂಡು ತಾನಾಗಿ ತೆರೆದು ಗಾಳಿಯನ್ನು ಒಳಗೆ ಬಿಡುತ್ತದೆ. ಒತ್ತಿದರೆ ತಾನಾಗಿ ಮುಚ್ಚಿಕೊಂಡು ಗಾಳಿಯನ್ನು ಕೊಳವೆಗೆ ಅಟ್ಟುತ್ತದೆ. ಆದರೂ ತಿದಿಯನ್ನು ಎತ್ತುವಾಗ ಕೊಳವೆಯ ಕಡೆಯಿಂದಲೂ ಸ್ವಲ್ಪ ಗಾಳಿ ಹಿಂದಕ್ಕೆ ಬರುತ್ತದೆ. ಕೊಳವೆಯನ್ನು ಒಲೆಯ ಬಾಯಿಗೆ ಬಿಗಿಯಾಗಿ ತುರುಕಿದ್ದರೆ ಆಗ ಬರುವುದು ಬರಿಯ ಗಾಳಿಯಲ್ಲ. ಕಿಡಿ ಮತ್ತು ಹೊತ್ತಿಕೊಳ್ಳಬಲ್ಲ ಹೊಗೆ. ತಿದಿಯ ಹೊಟ್ಟೆಯೇ ಸಿಡಿಯಬಹುದು. ಆದ್ದರಿಂದ ಕೊಳವೆಗೂ ಒಲೆಯ ಬಾಯಿಗೂ ನಡುವೆ ಒಂದು ಬೆರಳಿನಷ್ಟು ಎಡೆ ಬಿಡುತ್ತಾರೆ. ಒತ್ತಿದಾಗ ಗಾಳಿ ನೇರ ಒಲೆಗೆ ನುಗ್ಗುತ್ತದೆ. ಎತ್ತಿದಾಗ ಆ ಎಡೆಯಿಂದ ತಂಪುಗಾಳಿ ಬರುತ್ತದೆ. ತಿದಿಗೆ ಬೆಂಕಿ ತಗುಲದಂತೆ ನಡುವೆ ಒಂದು ಕಲ್ಲನ್ನು ತೂತು ಕೊರೆದು ನಿಲ್ಲಿಸುವುದೂ ಇತ್ತು. ಅಂಥ ಕಲ್ಲೊಂದು ೧೯೫೦ರಲ್ಲಿ ಸ್ನಾಪ್ತುನ್ ಎಂಬ ಊರಿನ ಕಡಲ ದಡದಲ್ಲಿ ಸಿಕ್ಕಿ ಈಗ ಆರ್ಹುಸಿನ ಬಳಿಯ ಮೋಸ್‌ಗಾರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ೧೦೦೦ದ ಇಸವಿಯದು. ಕಲ್ಲು ಡೆನ್ಮಾರ್ಕಿನದಲ್ಲ, ನಾರ್ವೆಯಿಂದಲೋ ಸ್ವೀಡನ್ನಿನ ಪಶ್ಚಿಮದಿಂದಲೋ ತಂದ ಬಳಪದ ಕಲ್ಲು. ಅದರ ಮೇಲೆ ಒಂದು ಮುಖ ಕೆತ್ತಿದೆ. ಆ ಮಾತು ಆಮೇಲೆ.

ಒಂದು ತಿದಿ ಸಾಲದು. ಒಂದೇ ಆದರೆ ಅದು ಉಸಿರೆಳೆದುಕೊಳ್ಳುವಾಗ ಬೆಂಕಿ ಹಸಿದಿರುತ್ತದೆ. ಎರಡಿದ್ದರೆ ಒಂದು ಎಳೆದುಕೊಳ್ಳುವಾಗ ಇನ್ನೊಂದು ಬಿಡುತ್ತದೆ, ಬೆಂಕಿಗೆ ಬಿಡುವಿಲ್ಲ. ಬೆಂಕಿಗೆ ಬಿಡುವಿಲ್ಲವೆಂದರೆ ಒತ್ತುವವನಿಗೂ ಬಿಡುವಿಲ್ಲವೆಂದೇ ಅರ್ಥ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಅಂಗಡಿಯಲ್ಲಿ ಹದಮಾಡಿದ ತೊಗಲನ್ನು ಕೊಂಡು, ಉಕ್ಕಿನ ಬೈರಿಗೆಯಿಂದ ತೂತು ಕೊರೆದು, ಗೆರೆಯೆಳೆಯಲು ಕಾರ್ಖಾನೆಯ ಸೀಸದಕಡ್ಡಿ ಬಳಸಿ ಮಾಡಿದ್ದನ್ನು ವೈಕಿಂಗರ ತಿದಿ ಎನ್ನುವುದು ಸರಿಯೆ? ಆ ಗುಂಪಿನಲ್ಲೇ ಈ ವಿಷಯಕ್ಕೆ ಜಗಳವಿತ್ತು. ಒಬ್ಬಾತ ತೊಗಲನ್ನು ತಾನೇ ಹದ ಮಾಡಬೇಕೆಂದು ಹಟ ಹಿಡಿದು, ಅದರ ನಾತಕ್ಕೆ ನೆರೆಹೊರೆಯವರ ಸ್ನೇಹವನ್ನೇ ಕಳೆದುಕೊಂಡಿದ್ದ. ನನಗೆ ಆ ಜಗಳದಲ್ಲಿ ಆಸಕ್ತಿ ಹುಟ್ಟಲಿಲ್ಲ. ಪಂಪನ ಕಾವ್ಯವನ್ನು ನಾವು ಓದುವುದು ಅಚ್ಚಾದ ಪುಸ್ತಕದಲ್ಲಿ. ಓಲೆಗರಿಯಲ್ಲಲ್ಲ ಎಂದ ಮಾತ್ರಕ್ಕೆ ಅದು ಪಂಪನದಲ್ಲವೆಂದು ಯಾರೂ ಹೇಳುವುದಿಲ್ಲ. ಗಾಳಿ ಅದೇ ದಾರಿಯಲ್ಲಿ ಹೋಗಿ ಅದೇ ಕಾವನ್ನು ಕೊಟ್ಟರೆ ನನ್ನ ಮಟ್ಟಿಗೆ ಸಾಕು.

ಮೇಷ್ಟರು ನನ್ನನ್ನು ತಿದಿಯ ಹಿಂದೆ ಕೂರಿಸಿದರು. ಎರಡು ಹಿಡಿ, ಎರಡು ಕೈ. ಎಡಗೈ ಇಳಿಯುವಾಗ ಬಲಗೈ ಏಳಬೇಕು. ಜೋರಾಗಿ ಒತ್ತಿದರೆ ಕಿಡಿ ಹಾರುತ್ತದೆ, ಇದ್ದಿಲು ವ್ಯರ್ಥ. ಮೆಲ್ಲಗಾದರೆ ಕಬ್ಬಿಣ ಕೆಂಪಿನಲ್ಲೇ ನಿಲ್ಲುತ್ತದೆ. ಕಮ್ಮಾರನ ವೇಷದಲ್ಲಿದ್ದ ತರುಣ ಮಾತಾಡುತ್ತಿರಲಿಲ್ಲ, ಗಲ್ಲವೆತ್ತಿ ಸನ್ನೆ ಮಾಡುತ್ತಿದ್ದ. ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ತಿಳಿಯುವುದು ಕಷ್ಟ. ಕುಲುಮೆಗಳು ಕತ್ತಲೆಯಾಗಿರುವುದಕ್ಕೆ ಬಡತನವೊಂದೇ ಕಾರಣವಲ್ಲವೆಂದು ಅಂದು ಕಂಡುಕೊಂಡೆ. ಅರ್ಧ ಗಂಟೆಯಲ್ಲಿ ಪಾತ್ರೆ ತೂಗುಹಾಕುವ ಒಂದು ಕೊಕ್ಕೆ ಸಿದ್ಧವಾಯಿತು. ನೋಡುತ್ತಿದ್ದ ಇಪ್ಪತ್ತು ಮೂವತ್ತು ಜನ ಚಪ್ಪಾಳೆ ತಟ್ಟಿದರು. ಅವರೆಲ್ಲ ನಿಂತಿದ್ದದ್ದು ಅಡಿಗಲ್ಲಿನ ಕಡೆಗೆ ಮುಖ ಮಾಡಿ. ಫೋಟೋ ತೆಗೆಯುತ್ತಿದ್ದ ಹೆಂಗಸೊಬ್ಬರು, ತಿದಿ ಅಡ್ಡ ಬರುತ್ತದೆ, ಸ್ವಲ್ಪ ಬಾಗಿ ಎಂದು ನನಗೆ ಬಹಳ ಮರ್ಯಾದೆಯಿಂದಲೇ ಹೇಳಿದರು. ತಮ್ಮ ನಕ್ಕ. ನನಗೂ ನಗು ಬಂತು. ಅರ್ಧ ಗಂಟೆಯ ಸಂತೋಷಕ್ಕೆ ಒತ್ತಿದವನಿಗೆ ಅದು ನಗುವ ವಿಷಯವೇ.

ತಿದಿ ಎಂಬುದು ನಮ್ಮ ಹಳೆಯ ಮಾತು. ತೊಗಲಿನ ಚೀಲಕ್ಕೂ ಅದೇ ಹೆಸರು. ತೆಲುಗಿನ ತಿತ್ತಿಯೂ ಹಾಗೆಯೇ. ವಿಚಿತ್ರವೆಂದರೆ ಆ ಉತ್ತರದ ಜನರ ಹಳೆಯ ನುಡಿಯಲ್ಲೂ ತಿದಿಯನ್ನು ಸೂಚಿಸುವ ಬೆಲ್ಗ್‌ರ್ ಎಂಬ ಪದಕ್ಕೆ ತೊಗಲು, ಚೀಲ ಎಂದೇ ಅರ್ಥ. ಇಂಗ್ಲಿಷಿನಲ್ಲಿ ತಿದಿಗೂ ಹೊಟ್ಟೆಗೂ ಇರುವ ಎರಡು ಪದಗಳು ಆ ಬೇರಿನವೇ. ನಮ್ಮೂರ ಕುಲುಮೆಯಲ್ಲಿ ನಾನು ಹುಡುಗನಾಗಿದ್ದಾಗ ತೊಗಲಿನ ತಿದಿ ಹೋಗಿ ಕೈಯಲ್ಲಿ ತಿರುಗಿಸುವ ಚಕ್ರ ಬಂದಿತ್ತು. ಜನ ಅದನ್ನೂ ತಿದಿಯೆಂದೇ ಕರೆಯುತ್ತಿದ್ದರು. ತಿರುಗಿಸುತ್ತಿದ್ದವಳು ಕಮ್ಮಾರನ ಹೆಂಡತಿ; ಮಡಿಲಲ್ಲಿ ಕೂಸು, ಬಲಗೈಯಲ್ಲಿ ಚಕ್ರದ ಹಿಡಿ. ಮುಂಗಾರಿಗೆ ಮುಂಚೆ ಊರವರೆಲ್ಲ ಕುಳ ತಟ್ಟಿಸಿಕೊಂಡು ಹೋಗುವರು. ಕುಳ ಚೆನ್ನಾಗಿ ಬಂದರೆ ಅವನ ಕೈಗುಣ ಎನ್ನುವರು. ಅವಳ ಕೈಗೆ ಗುಣವೆಂಬುದು ಇರಬಹುದೆಂದು ಯಾರಿಗೂ ತೋಚುತ್ತಿರಲಿಲ್ಲ. ನಮ್ಮಜ್ಜನ ಕಾಲದಲ್ಲಿ ಸುಗ್ಗಿಯಾದ ಮೇಲೆ ಕಣದಲ್ಲಿ ಅಳೆಯುತ್ತಿದ್ದ ಆಯದ ರಾಗಿಯೂ ಅವನ ಹೆಸರಿನದೇ.

ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ಕೆಲಸಕ್ಕೆ ರೂಪ ಕೊಡುವುದು ತಿಳಿವಳಿಕೆ. ಗಾಳಿ ಯಾರು ಊದಿದರೂ ಗಾಳಿಯೇ. ಇಂದು ಒಂದು ಸಣ್ಣ ವಿದ್ಯುತ್ ಪಂಖ ಅದೇ ಕೆಲಸವನ್ನು ಮಾಡುತ್ತದೆ, ಕಮ್ಮಾರನ ಕೆಲಸವನ್ನು ಮಾಡುವುದಿಲ್ಲ. ಬೇರೊಬ್ಬನಿಂದ ತುಂಬಬಹುದಾದ ಸ್ಥಾನಕ್ಕೂ ತುಂಬಲಾಗದ ಸ್ಥಾನಕ್ಕೂ ಬೆಲೆ ಒಂದೇ ಆಗುವುದು ಹೇಗೆ? ವಾದದಲ್ಲಿ ಸತ್ವವಿಲ್ಲದೆ ಇಲ್ಲ. ಹತ್ತು ವರ್ಷದ ಅಭ್ಯಾಸವನ್ನೂ ಹತ್ತು ನಿಮಿಷದ ಅಭ್ಯಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ನ್ಯಾಯದ ಅಣಕ. ಆದರೆ ವಾದಿಸುವವರು ಒಂದನ್ನು ಗಮನಿಸಿಲ್ಲ. ಪಂಖ ಬೇಸರಪಡುವುದಿಲ್ಲ, ಅದಕ್ಕೆ ಕೂಸಿಲ್ಲ, ಅದರ ಕಣ್ಣಿಗೆ ಬೆವರಿಳಿಯುವುದಿಲ್ಲ. ಮನುಷ್ಯ ಸಮನಾಗಿ ಉಸಿರು ಕೊಡುವುದು ತನ್ನಲ್ಲಿರುವ ಇನ್ನೆಲ್ಲವನ್ನೂ ಅಷ್ಟು ಹೊತ್ತು ಅದುಮಿಟ್ಟುಕೊಂಡು. ಕೈಯಿಂದ ಹೊರಟದ್ದು ಗಾಳಿಯೇ ಇರಬಹುದು. ಅದರ ಹಿಂದೆ ವೆಚ್ಚವಾದದ್ದು ಗಾಳಿಯಲ್ಲ.

ಈ ವೆಚ್ಚವನ್ನು ಬಲ್ಲ ಒಂದು ಕಥೆ ಆ ಜನರಲ್ಲೇ ಇದೆ. ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ ಸುಮಾರು ೧೨೨೦ರಲ್ಲಿ ಬರೆದಿಟ್ಟದ್ದು. ದೇವತೆಗಳ ನಡುವೆ ಲೋಕಿ ಎಂಬ ಕುಚೋದ್ಯಗಾರ. ಅವನು ಬ್ರೋಕ್ ಎಂಬ ಕುಳ್ಳನೊಡನೆ ಪಣ ಕಟ್ಟುತ್ತಾನೆ: ನಿನ್ನ ಅಣ್ಣ ಸಿಂದ್ರಿ ನಾನು ತಂದಿರುವಂಥ ಮೂರು ಅಪೂರ್ವ ವಸ್ತುಗಳನ್ನು ಮಾಡಲಾರ, ಮಾಡಿದರೆ ನನ್ನ ತಲೆ ನಿನ್ನದು. ಸಿಂದ್ರಿ ಹಂದಿಯ ತೊಗಲನ್ನು ಒಲೆಗಿಟ್ಟು, ನಾನು ಬಂದು ತೆಗೆಯುವವರೆಗೆ ತಿದಿ ನಿಲ್ಲಿಸಬೇಡ ಎಂದು ತಮ್ಮನಿಗೆ ಹೇಳಿ ಹೊರಗೆ ಹೋಗುತ್ತಾನೆ. ಒಂದು ನೊಣ ಬಂದು ಬ್ರೋಕನ ಕೈಯನ್ನು ಕಚ್ಚುತ್ತದೆ. ಅವನು ನಿಲ್ಲಿಸುವುದಿಲ್ಲ. ಚಿನ್ನದ ಕೂದಲಿನ ಹಂದಿ ಎದ್ದು ಬರುತ್ತದೆ. ಎರಡನೆಯ ಸಲ ಚಿನ್ನವನ್ನಿಟ್ಟು ಹೋಗುತ್ತಾನೆ, ನೊಣ ಕತ್ತಿಗೆ ಎರಡರಷ್ಟು ಬಲವಾಗಿ ಕಚ್ಚುತ್ತದೆ, ಆಗಲೂ ನಿಲ್ಲಿಸುವುದಿಲ್ಲ. ಮಾಯದ ಉಂಗುರ ಸಿದ್ಧವಾಗುತ್ತದೆ. ಮೂರನೆಯದು ಕಬ್ಬಿಣ. ಈ ಸಲ ನಿಂತರೆ ಎಲ್ಲ ಕೆಟ್ಟಿತು ಎಂದು ಅಣ್ಣ ಎಚ್ಚರಿಸಿ ಹೋಗಿದ್ದಾನೆ. ನೊಣ ರೆಪ್ಪೆಗೆ ಕಚ್ಚಿತು. ರಕ್ತ ಕಣ್ಣಿಗಿಳಿದು ಏನೂ ಕಾಣದಾಯಿತು. ತಿದಿ ಕೆಳಗಿಳಿದ ಒಂದು ಕ್ಷಣದಲ್ಲಿ ಬ್ರೋಕ್ ಕೈಬೀಸಿ ನೊಣವನ್ನು ಓಡಿಸಿದ. ಒಲೆಯಿಂದ ಬಂದದ್ದು ಥಾರ್ ದೇವನ ಸುತ್ತಿಗೆ. ಅದರ ಹಿಡಿ ಕೊಂಚ ಗಿಡ್ಡವಾಗಿತ್ತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನೊಣವಲ್ಲ. ನೊಣ ಲೋಕಿಯೇ ಎಂದು ಊಹಿಸಲು ಜಾಣತನ ಬೇಕಿಲ್ಲ. ನಿಲ್ಲಿಸುವುದು ಸಿಂದ್ರಿಯ ಹೊರಹೋಗುವಿಕೆ. ಮೂರು ಸಲವೂ ಕಮ್ಮಾರ ಕುಲುಮೆಯಲ್ಲಿಲ್ಲ! ವಸ್ತು ಆಗುವ ಹೊತ್ತಿನಲ್ಲಿ ಅದರೊಡನೆ ಇದ್ದವನು ತಿದಿಯೊತ್ತುವವನೊಬ್ಬನೇ. ಇನ್ನೂ ಒಂದು ಮಾತು. ಹಂದಿಯಲ್ಲಿ ಬ್ರೋಕನ ಗುರುತಿಲ್ಲ, ಉಂಗುರದಲ್ಲಿಲ್ಲ. ಕಚ್ಚಿಸಿಕೊಂಡೂ ಅಲುಗದೆ ಒತ್ತಿದ್ದರಿಂದಲೇ ಅವು ಪೂರ್ಣವಾದವು. ಪೂರ್ಣವಾದ್ದರಿಂದಲೇ ಅವುಗಳಲ್ಲಿ ಅವನು ಕಾಣುವುದಿಲ್ಲ. ಅವನು ಕಾಣುವುದು ಸುತ್ತಿಗೆಯ ಗಿಡ್ಡ ಹಿಡಿಯಲ್ಲಿ. ಲೆಕ್ಕವಿಲ್ಲದಷ್ಟು ಸಲ ಸರಿಯಾಗಿ ಒತ್ತಿದ್ದು ಎಲ್ಲೂ ಬರೆದಿಲ್ಲ. ಒಂದು ಸಲ ಕೈ ತೆಗೆದದ್ದು ಲೋಕಾಂತ್ಯದವರೆಗೆ ಉಳಿಯಿತು.

ನನ್ನ ವೃತ್ತಿಯಲ್ಲಿ ಇದನ್ನು ದಿನವೂ ಕಾಣುತ್ತೇನೆ. ಹಳಗನ್ನಡ ಕಾವ್ಯಗಳನ್ನು ನಮಗೆ ತಲುಪಿಸಿದವರು ಓಲೆಯಿಂದ ಓಲೆಗೆ ಪ್ರತಿ ಮಾಡಿದ ಲಿಪಿಕಾರರು. ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಅವರ ವಿಷಯ ನಮಗೆ ತಿಳಿಯುವುದು ಬಹುಮಟ್ಟಿಗೆ ಅವರ ತಪ್ಪುಗಳಿಂದ. ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಅವೆರಡಕ್ಕೂ ಮೂಲ ಒಂದೇ ಎಂದು ತೀರ್ಮಾನಿಸುತ್ತೇವೆ. ಸರಿಯಾಗಿ ಬರೆದ ಸಾವಿರ ಪದ್ಯಗಳು ಪ್ರತಿಕಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಕವಿ ಮಾತ್ರ ಇದ್ದಾನೆ. ಅಕ್ಷರ ಜಾರಿದ ಕಡೆ ಲಿಪಿಕಾರ ತಟ್ಟನೆ ಪ್ರತ್ಯಕ್ಷನಾಗುತ್ತಾನೆ, ನಾವು ತರಗತಿಯಲ್ಲಿ ಅವನನ್ನು ನೋಡಿ ನಗುತ್ತೇವೆ. ಆ ಬಡವರಿಗೂ ಇದು ಗೊತ್ತಿತ್ತೆಂದು ಕಾಣುತ್ತದೆ. ಬೆನ್ನು ಬಾಗಿ, ಕತ್ತು ನೊಂದು, ಕಣ್ಣು ಸೋತು ಬರೆದಿದ್ದೇನೆ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಿ ಎಂಬ ಅರ್ಥದ ಮಾತುಗಳನ್ನು ಪ್ರತಿಯ ಕೊನೆಗೆ ಸೇರಿಸಿ ಮುಗಿಸುವ ರೂಢಿಯೇ ಇತ್ತು. ಆ ರೂಢಿಯನ್ನು ಬರಿಯ ವಿನಯವೆಂದು ತಳ್ಳಿಹಾಕುತ್ತಾರೆ. ಅದು ವಿನಯವಲ್ಲ, ನೊಣದ ವರದಿ.

ಹಾಗಾದರೆ ಎಲ್ಲರ ಹೆಸರನ್ನೂ ಕೆತ್ತಬೇಕೆ? ಆ ಕಾಲದ ಕತ್ತಿಗಳಲ್ಲಿ ಉಲ್ಫ್‌ಬೆರ್ಟ್ ಎಂಬ ಹೆಸರನ್ನು ಅಲುಗಿನಲ್ಲೇ ಕೂಡಿಸಿದ ಸುಮಾರು ೧೭೦ ಕತ್ತಿಗಳು ಯೂರೋಪಿನಲ್ಲಿ ಸಿಕ್ಕಿವೆ. ಅವು ಎರಡು ಶತಮಾನಕ್ಕೂ ಮೀರಿ ಹಬ್ಬಿರುವುದರಿಂದ ಒಬ್ಬನೇ ಕಮ್ಮಾರನ ಕೃತಿಗಳಲ್ಲ. ಒಂದು ಹೆಸರಿನ ಹಿಂದೆ ಎಷ್ಟೋ ಕೈಗಳು. ಹೆಸರಿಗೆ ಹೆಸರು ಸೇರಿಸುತ್ತ ಹೋದರೆ ಕತ್ತಿಯಲ್ಲಿ ಅಲುಗಿಗೆ ಎಡೆಯಿರದು. ತಿದಿಯೊತ್ತುವವನಿಗೆ ಸಲ್ಲಬೇಕಾದದ್ದು ಹೆಸರೆಂದು ನನಗನ್ನಿಸುವುದಿಲ್ಲ. ಹೆಸರು ಅಗ್ಗ, ಹೆಸರು ಕೊಟ್ಟು ರಾಗಿ ಕೊಡದವರನ್ನು ನೋಡಿದ್ದೇವೆ. ಅವನಿಗೆ ಸಲ್ಲಬೇಕಾದದ್ದು ಮೊದಲು ರಾಗಿ, ಆಮೇಲೆ ತಪ್ಪಿದಾಗ ಸರಿಯಾದ ವಿಚಾರಣೆ. ಹಿಡಿ ಗಿಡ್ಡವಾಯಿತೆಂದು ಕೇಳುವವನು ಅದಕ್ಕೆ ಮುಂಚೆ ಎಷ್ಟು ಸಲ ಕಚ್ಚಿಸಿಕೊಂಡೂ ಕೈ ತೆಗೆಯಲಿಲ್ಲವೆಂಬುದನ್ನೂ ಕೇಳಬೇಕು. ಕಚೇರಿಯ ಗುಮಾಸ್ತನನ್ನು, ಅಚ್ಚಿನ ಕರಡು ತಿದ್ದುವವನನ್ನು, ಇಪ್ಪತ್ತು ವರ್ಷಗಳಲ್ಲಿ ಒಂದು ದಿನ ಸಾರಿಗೆ ಉಪ್ಪು ಮರೆತ ಹೆಂಡತಿಯನ್ನು ನಾವು ವಿಚಾರಿಸುವ ರೀತಿ ಹೀಗಿದೆಯೆ?

ಬಯಲಿನ ತಿದಿಗೆ ಇಲ್ಲಿ ಒಂದು ಮಿತಿಯುಂಟು. ಮೇಷ್ಟರು ತೊಗಲಿನ ಮಡಿಕೆಯನ್ನು, ತೂತಿನ ಅಗಲವನ್ನು, ಕೊಳವೆಯ ಎಡೆಯನ್ನು ಮರಳಿ ಪಡೆದರು. ಆದರೆ ಬೇಸರವಾದಾಗ ಎದ್ದುಹೋಗಬಲ್ಲವನು ತಿದಿಯೊತ್ತಿದರೆ ತಿದಿಯಷ್ಟೆ ಮರಳಿ ಬರುತ್ತದೆ, ತಿದಿಯೊತ್ತುವವನಲ್ಲ. ವೈಕಿಂಗರ ಸಮಾಜದಲ್ಲಿ ಗುಲಾಮರಿದ್ದರು. ಮಾರುವುದೂ ಕೊಳ್ಳುವುದೂ ನಡೆಯುತ್ತಿತ್ತು. ಎದ್ದುಹೋಗಲಾಗದವನ ಅರ್ಧ ಗಂಟೆ ನನ್ನ ಅರ್ಧ ಗಂಟೆಯಲ್ಲ. ಇದನ್ನು ಮೇಷ್ಟರಿಗೆ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಮ್ಮೆ ಎರಡು ದಿನ ಬಿಡದೆ ಕುಲುಮೆ ನಡೆಸಿದೆವು, ಎರಡನೆಯ ದಿನ ಸಂಜೆಗೆ ತಿದಿಯವರಿಗೂ ಸುತ್ತಿಗೆಯವರಿಗೂ ಮಾತು ನಿಂತುಹೋಗಿತ್ತು, ಎಂದರು. ಆ ಪ್ರಯೋಗದ ಬಗ್ಗೆ ಅವರು ಬರೆದಿಟ್ಟ ಟಿಪ್ಪಣಿಯಲ್ಲಿ ಇದ್ದಿಲಿನ ತೂಕವಿತ್ತು, ಗಂಟೆಗಳ ಲೆಕ್ಕವಿತ್ತು. ಮಾತು ನಿಂತ ಸಂಗತಿ ಇರಲಿಲ್ಲ.

ದೇವತೆಗಳ ಸಭೆಯಲ್ಲಿ ಗಿಡ್ಡ ಹಿಡಿಯ ಸುತ್ತಿಗೆಯೇ ಎಲ್ಲಕ್ಕಿಂತ ಮೇಲೆಂದು ತೀರ್ಪಾಯಿತು. ಅದನ್ನು ಸಭೆಗೆ ತಂದವನು ಸಿಂದ್ರಿಯಲ್ಲ, ಬ್ರೋಕ್. ಪಣದಂತೆ ತಲೆ ಕೇಳಿದಾಗ ಲೋಕಿ, ತಲೆ ನಿನ್ನದಿರಬಹುದು, ಕತ್ತು ನಿನ್ನದಲ್ಲ ಎಂದು ವಕೀಲಿ ಮಾಡಿದ. ಬ್ರೋಕ್ ಅವನ ತುಟಿಗಳನ್ನು ಹೊಲಿದು ಬಿಟ್ಟ. ಸ್ನಾಪ್ತುನ್ನಿನ ಬಳಪದ ಕಲ್ಲಿನ ಮೇಲಿರುವ ಮುಖದಲ್ಲಿ, ತಿರುಚಿದ ಮೀಸೆಯ ಕೆಳಗೆ, ತುಟಿಗಳಿಗೆ ಅಡ್ಡಲಾಗಿ ಆ ಹೊಲಿಗೆಯ ಗೀರುಗಳಿವೆ. ಒಂದಾನೊಂದು ಕುಲುಮೆಯಲ್ಲಿ ತಿದಿಗೂ ಬೆಂಕಿಗೂ ನಡುವೆ ಅದು ನಿಂತಿತ್ತು. ಹಿಂದೆ ಕೂತು ಒತ್ತುತ್ತಿದ್ದವನು ಯಾರೆಂದು ತಿಳಿಯದು. ಕಲ್ಲಿನ ಮೇಲೆ ಉಳಿದಿರುವುದು ನೊಣವಾಗಿ ಬಂದವನ ಮುಖ.